ವೂವ್ರೆ: ಒಂದೇ ದ್ರಾಕ್ಷಿ, ಹಲವು ಸಿಹಿ

ಫ್ರಾನ್ಸಿನ ಅತಿ ಉದ್ದದ ನದಿಯಾದ ಲ್ವಾರ್‌ನ ಬಲದಂಡೆಯಲ್ಲಿ, ತೂರ್ ನಗರದಿಂದ ಪೂರ್ವಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿರುವ ವೂವ್ರೆ ಎಂಬ ಸಣ್ಣ ಊರು ತನ್ನ ಹೆಸರನ್ನು ಒಂದು ಬಿಳಿ ವೈನಿಗೆ ಕೊಟ್ಟಿದೆ. ಶೆನಿನ್ ಬ್ಲಾಂಕ್ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ ಹೆಚ್ಚುಕಡಿಮೆ ಪೂರ್ತಿಯಾಗಿ ತಯಾರಾಗುವ ಈ ವೈನ್, ಸಿಹಿಯ ಸುಳಿವೇ ಇಲ್ಲದ ಒಣ ರುಚಿಯಿಂದ ಹಿಡಿದು ಜೇನಿನಷ್ಟು ಗಾಢವಾದ ಸವಿಯವರೆಗೆ, ಗುಳ್ಳೆಯಿಲ್ಲದ ಶಾಂತ ವೈನಿನಿಂದ ಹಿಡಿದು ಶಾಂಪೇನಿನಂತೆ ನೊರೆಯುಕ್ಕುವ ವೈನಿನವರೆಗೆ ಹಲವು ರೂಪಗಳಲ್ಲಿ ದೊರೆಯುತ್ತದೆ. ವೈನಿನ ಪರಿಭಾಷೆಯಲ್ಲಿ ‘ಒಣ’ ಎಂದರೆ ಸಕ್ಕರೆಯೆಲ್ಲ ಹುದುಗಿ ಮದ್ಯಸಾರವಾಗಿ, ಸಿಹಿ ಉಳಿಯದಿರುವುದು ಎಂದಷ್ಟೇ ಅರ್ಥ. ಇಷ್ಟು ಭಿನ್ನವಾದ ವೈನುಗಳಿಗೆಲ್ಲ ಒಂದೇ ಹೆಸರಿರುವುದು ಈ ಊರಿನ ಹೆಮ್ಮೆಯೂ ಹೌದು, ಕೊಳ್ಳುವವರ ಪಾಲಿನ ತೊಡಕೂ ಹೌದು. ಬಾಟಲಿಯಲ್ಲಿ ಸಿಹಿ ಎಷ್ಟಿದೆ ಎಂಬುದು ತಿಳಿಯದೆ ಅದರ ಜೊತೆಗೆ ಯಾವ ಊಟವನ್ನೂ ಯೋಚಿಸುವಂತಿಲ್ಲ.

ವೂವ್ರೆ ಎಂಬ ಹೆಸರಿಗೆ 1936ರಲ್ಲಿ ‘ಆಪೆಲ್ಲಾಸಿಯೋಂ ದೊರಿಜಿನ್ ಕೋಂತ್ರೊಲೆ’ ಎಂಬ ಮಾನ್ಯತೆ ಸಿಕ್ಕಿತು. ನಿಯಂತ್ರಿತ ಮೂಲನಾಮ ಎಂದು ಇದನ್ನು ಕನ್ನಡಿಸಬಹುದು. ಮೈಸೂರು ಮಲ್ಲಿಗೆಗೆ ಇರುವ ಭೌಗೋಳಿಕ ಸೂಚಕದ ಮಾನ್ಯತೆಗೆ ಇದು ಹತ್ತಿರದ್ದಾದರೂ ಅದಕ್ಕಿಂತ ಬಿಗಿಯಾದುದು. ಯಾವ ಗ್ರಾಮಗಳ ಯಾವ ಹೊಲಗಳಲ್ಲಿ, ಯಾವ ತಳಿಯನ್ನು, ಎಕರೆಗೆ ಎಷ್ಟು ಇಳುವರಿಯ ಮಿತಿಯಲ್ಲಿ ಬೆಳೆಯಬೇಕು ಎಂಬುದನ್ನೂ ಅದು ವಿಧಿಸುತ್ತದೆ. ವೂವ್ರೆಯ ಜೊತೆಗೆ ರೋಶ್‌ಕೋರ್ಬೋಂ, ವೆರ್ನೂ, ನ್ವಾಜೆ ಮೊದಲಾದ ನೆರೆಯ ಗ್ರಾಮಗಳೂ ಈ ಎಲ್ಲೆಯೊಳಗೆ ಬರುತ್ತವೆ. ನದಿಯ ಎದುರು ದಂಡೆಯ ಮೋಂಲ್ವಿ ಗ್ರಾಮದವರು ಅದೇ ದ್ರಾಕ್ಷಿಯನ್ನು ಹೆಚ್ಚುಕಡಿಮೆ ಅದೇ ಬಗೆಯ ಮಣ್ಣಿನಲ್ಲಿ ಬೆಳೆದು, ಒಂದು ಕಾಲಕ್ಕೆ ವೂವ್ರೆಯ ಹೆಸರಿನಲ್ಲೇ ಮಾರುತ್ತಿದ್ದರು. ಆ ಹಕ್ಕು ತಪ್ಪಿದ ಮೇಲೆ 1938ರಲ್ಲಿ ತಮ್ಮದೇ ಮಾನ್ಯತೆಯನ್ನು ಪಡೆದರು. ಹೆಸರಿನ ಪ್ರಭಾವದಿಂದ ವೂವ್ರೆಯ ಬೆಲೆ ಏರಿದ ಕಡೆ ಮೋಂಲ್ವಿಯ ಬಾಟಲಿಯನ್ನು ಆರಿಸಿಕೊಳ್ಳುವುದು ಜಾಣತನ.

ಈ ಸೀಮೆಯ ಬುಡದಲ್ಲಿರುವುದು ತ್ಯೂಫೊ ಎಂಬ ಮೆದುವಾದ, ಕೆನೆಬಣ್ಣದ ಸುಣ್ಣಕಲ್ಲು. ಸುಮಾರು 9 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಶೇಖರವಾದ ಈ ಕಲ್ಲು ಗರಗಸಕ್ಕೆ ಸುಲಭವಾಗಿ ಬಗ್ಗುವಂಥದ್ದಾದ್ದರಿಂದ, ಲ್ವಾರ್ ಕಣಿವೆಯ ಪ್ರಸಿದ್ಧ ಅರಮನೆಗಳನ್ನು ಕಟ್ಟಲು ಅದನ್ನು ಗುಡ್ಡಗಳಿಂದ ಕೊರೆದು ಸಾಗಿಸಲಾಯಿತು. ಹಾಗೆ ಕೊರೆದುಳಿದ ಟೊಳ್ಳುಗಳೇ ಇಂದು ವೈನ್ ಸಂಗ್ರಹದ ಗುಹೆಗಳಾಗಿವೆ. ಬೇಸಿಗೆ ಚಳಿಗಾಲಗಳೆನ್ನದೆ 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುವ ಅವುಗಳ ತಂಪು ಮತ್ತು ತೇವದಲ್ಲಿ ಬಾಟಲಿಗಳು ದಶಕಗಳ ಕಾಲ ಕೆಡದೆ ಮಲಗಿರಬಲ್ಲವು. ಗುಡ್ಡದ ಮೇಲಿನ ಮಣ್ಣನ್ನು ಸ್ಥಳೀಯರು ಎರಡಾಗಿ ವಿಂಗಡಿಸುತ್ತಾರೆ: ಸುಣ್ಣ ಬೆರೆತ ಜೇಡಿಮಣ್ಣು ‘ಓಬ್ವಿ’, ಚಕಮಕಿ ಕಲ್ಲಿನ ಚೂರುಗಳಿರುವ ಜೇಡಿಮಣ್ಣು ‘ಪೆರ್ಯುಶ್’. ಮೊದಲನೆಯದರಲ್ಲಿ ಬೆಳೆದ ವೈನಿಗೆ ಮೈತುಂಬಿದ ಗುಣವಿರುತ್ತದೆಂದೂ ಎರಡನೆಯದರಲ್ಲಿ ಬೆಳೆದುದಕ್ಕೆ ಮೊನಚು ಹೆಚ್ಚೆಂದೂ ಬೆಳೆಗಾರರು ಹೇಳುತ್ತಾರೆ.

ಶೆನಿನ್ ಬ್ಲಾಂಕ್ ಎಂಬುದು ಭಾರತದಲ್ಲಿ ರೂಢಿಯಾದ ಉಚ್ಚಾರ. ಫ್ರೆಂಚರ ಬಾಯಲ್ಲಿ ಅದು ‘ಶನಾಂ ಬ್ಲಾಂ’, ವೂವ್ರೆಯ ಹಳಬರ ಬಾಯಲ್ಲಿ ‘ಪಿನೋ ದ ಲಾ ಲ್ವಾರ್’. ಲ್ವಾರ್ ಕಣಿವೆಯೇ ಇದರ ತವರು. ತೂರ್ ನಗರದ ಸಂತ ಮಾರ್ಟಿನ್ ನಾಲ್ಕನೆಯ ಶತಮಾನದಲ್ಲಿ ನದಿಯ ದಂಡೆಯಲ್ಲಿ ಸ್ಥಾಪಿಸಿದ ಮಾರ್ಮೂತ್ಯೇ ಮಠಕ್ಕೂ ಇಲ್ಲಿನ ದ್ರಾಕ್ಷಿ ಕೃಷಿಗೂ ಸಂಬಂಧ ಕಲ್ಪಿಸುವ ಒಂದು ಐತಿಹ್ಯವುಂಟು: ಮಠದ ಕತ್ತೆಗಳು ಬಳ್ಳಿಯ ತುದಿಗಳನ್ನು ತಿಂದುಹಾಕಿದ ವರ್ಷವೇ ಫಸಲು ಚೆನ್ನಾಗಿ ಬಂದುದರಿಂದ ಬಳ್ಳಿ ಸವರುವ ಪದ್ಧತಿ ಬಳಕೆಗೆ ಬಂತಂತೆ. ಇತಿಹಾಸವೆಂದು ಇದನ್ನು ಯಾರೂ ನಂಬಬೇಕಾಗಿಲ್ಲ, ಆದರೆ ಕತೆ ಚೆನ್ನಾಗಿದೆ. 17ನೆಯ ಶತಮಾನದಲ್ಲಿ ಡಚ್ಚರು ದಕ್ಷಿಣ ಆಫ್ರಿಕಾದಲ್ಲಿ ದ್ರಾಕ್ಷಿ ಕೃಷಿಯನ್ನು ಆರಂಭಿಸಿದರು. ಅಲ್ಲಿ ಬಹುಕಾಲ ‘ಸ್ಟೀನ್’ ಎಂಬ ಹೆಸರಿನಿಂದ ಬೆಳೆಯುತ್ತಿದ್ದ ತಳಿ ಶೆನಿನ್ ಎಂದು ಖಚಿತವಾದದ್ದು 1960ರ ದಶಕದಲ್ಲಿ. ಇಂದು ಫ್ರಾನ್ಸಿಗಿಂತ ದಕ್ಷಿಣ ಆಫ್ರಿಕಾದಲ್ಲೇ ಈ ದ್ರಾಕ್ಷಿಯ ತೋಟಗಳು ಹೆಚ್ಚು.

ಈ ತಳಿಯ ನಿಜವಾದ ಬಂಡವಾಳ ಅದರ ಹುಳಿ. ಹೆಚ್ಚಿನ ದ್ರಾಕ್ಷಿ ತಳಿಗಳಲ್ಲಿ ಹಣ್ಣು ಮಾಗುತ್ತ ಸಕ್ಕರೆ ಏರಿದಂತೆ ಹುಳಿ ಬೇಗ ಇಳಿದುಹೋಗುತ್ತದೆ. ಶೆನಿನ್ ಮಾತ್ರ ಪೂರ್ತಿ ಮಾಗಿದ ಮೇಲೂ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ದ್ರಾಕ್ಷಿಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ; ಕನ್ನಡದ ಅಡುಗೆಮನೆಯಲ್ಲಿ ದಿನನಿತ್ಯ ಬಳಕೆಯಾಗುವ ಹುಣಸೆಹಣ್ಣಿನ ಹುಳಿಯೂ ಇದೇ ಆಮ್ಲದ್ದು. ಇದರ ಜೊತೆಗಿರುವ ಮ್ಯಾಲಿಕ್ ಆಮ್ಲ ಹಸಿರು ಸೇಬನ್ನು ಕಚ್ಚಿದಾಗ ಹಲ್ಲು ಚುಳ್ಳೆನ್ನಿಸುವಂಥದ್ದು. ಅನೇಕ ಬಿಳಿ ವೈನುಗಳಲ್ಲಿ ಬ್ಯಾಕ್ಟೀರಿಯಾಗಳ ನೆರವಿನಿಂದ ಈ ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸಿ ರುಚಿಯನ್ನು ಮೃದುಗೊಳಿಸುತ್ತಾರೆ. ವೂವ್ರೆಯಲ್ಲಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ, ಹೊಸ ಓಕ್ ಪೀಪಾಯಿಯ ವೆನಿಲ್ಲಾ ವಾಸನೆಯನ್ನೂ ಹೆಚ್ಚಿನವರು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹುಳಿಯೇ ಈ ವೈನಿನ ಬೆನ್ನೆಲುಬಾದುದರಿಂದ ಸಿಹಿ ಎಷ್ಟಿದ್ದರೂ ನಾಲಿಗೆಗೆ ಮೊಂಡು ಎನಿಸುವುದಿಲ್ಲ. ನಿಂಬೆ ಹಿಂಡದ ಪಾನಕಕ್ಕೂ ಹಿಂಡಿದ ಪಾನಕಕ್ಕೂ ಇರುವ ವ್ಯತ್ಯಾಸವನ್ನು ನೆನೆದರೆ ಇದು ಅರ್ಥವಾಗುತ್ತದೆ. ಎಳೆಯ ವೂವ್ರೆಯಲ್ಲಿ ಸೇಬು, ಮರಸೇಬು, ಬಿಳಿ ಹೂವಿನ ಪರಿಮಳಗಳು ಎದ್ದು ಕಾಣುತ್ತವೆ; ವರ್ಷಗಳು ಕಳೆದಂತೆ ಜೇನು, ಜೇನುಮೇಣ, ಕ್ಯಾಮೊಮೈಲ್ ಹೂವಿನ ಕಷಾಯ, ಬಾದಾಮಿಗಳ ವಾಸನೆ ಮೇಲೇಳುತ್ತದೆ. ಬಲ್ಲವರು ಇದರಲ್ಲಿ ಒದ್ದೆಯಾದ ಉಣ್ಣೆಯ ವಾಸನೆಯನ್ನೂ ಗುರುತಿಸುತ್ತಾರೆ, ಮತ್ತು ಅದನ್ನು ಮೆಚ್ಚುಗೆಯಿಂದಲೇ ಹೇಳುತ್ತಾರೆ. ಮಳೆಯಲ್ಲಿ ನೆನೆದ ಕಂಬಳಿಯನ್ನು ಬಲ್ಲವರಿಗೆ ಈ ಹೋಲಿಕೆ ವಿಚಿತ್ರವೆನಿಸಬಹುದಾದರೂ ಗ್ಲಾಸನ್ನು ಮೂಸಿದಾಗ ಅದು ಸುಳ್ಳಲ್ಲವೆಂದು ಗೊತ್ತಾಗುತ್ತದೆ.

ಬೇಗ ಚಿಗುರಿ ತಡವಾಗಿ ಮಾಗುವ ಶೆನಿನ್, ದ್ರಾಕ್ಷಿ ಕೃಷಿಯ ಉತ್ತರದ ಅಂಚಿಗೆ ಹತ್ತಿರವಾದ ವೂವ್ರೆಯಲ್ಲಿ ಎರಡೂ ತುದಿಗಳಲ್ಲಿ ಅಪಾಯವನ್ನು ಎದುರಿಸುತ್ತದೆ: ವಸಂತದ ಹಿಮ ಚಿಗುರನ್ನು ಸುಡುತ್ತದೆ, ಶರತ್ಕಾಲದ ಮಳೆ ಗೊಂಚಲನ್ನು ಕೊಳೆಸುತ್ತದೆ. ನಡುವೆ ಆಲಿಕಲ್ಲಿನ ಕಾಟ ಬೇರೆ. 2013ರ ಜೂನ್ ತಿಂಗಳಿನ ಒಂದೇ ಬಿರುಗಾಳಿ ಈ ಸೀಮೆಯ ಅರ್ಧಕ್ಕೂ ಹೆಚ್ಚು ತೋಟಗಳಿಗೆ ಹಾನಿ ಮಾಡಿತು. ಶರತ್ಕಾಲದ ಹವೆ ಹೇಗೆ ತಿರುಗುತ್ತದೆ ಎಂಬುದರ ಮೇಲೆಯೇ ಆ ವರ್ಷದ ವೈನಿನ ಬಗೆ ನಿರ್ಧಾರವಾಗುತ್ತದೆ. ತಂಪಾದ ವರ್ಷದಲ್ಲಿ ಹುಳಿ ಮುಂದಾಗಿರುವ ದ್ರಾಕ್ಷಿ ನೊರೆವೈನಿಗೆ ಮತ್ತು ಒಣ ವೈನಿಗೆ ಹೋಗುತ್ತದೆ. ಬಿಸಿಲು ದೀರ್ಘವಾಗಿ ನಿಂತು, ಬೆಳಗಿನ ಹೊತ್ತು ನದಿಯಿಂದ ಮಂಜು ಎದ್ದು ಮಧ್ಯಾಹ್ನಕ್ಕೆ ಕರಗುವ ವರ್ಷದಲ್ಲಿ ಹಣ್ಣಿನ ಮೇಲೆ ಬೊಟ್ರೈಟಿಸ್ ಸಿನೆರಿಯಾ ಎಂಬ ಬೂಷ್ಟು ಬೆಳೆಯುತ್ತದೆ. ಈ ಬೂಷ್ಟು ಸಿಪ್ಪೆಯಲ್ಲಿ ಸೂಕ್ಷ್ಮವಾದ ರಂಧ್ರಗಳನ್ನು ಮಾಡಿ ನೀರು ಆವಿಯಾಗುವಂತೆ ಮಾಡುವುದರಿಂದ, ಒಳಗಿನ ಸಕ್ಕರೆ ಮತ್ತು ಹುಳಿಗಳೆರಡೂ ಸಾಂದ್ರವಾಗುತ್ತವೆ. ‘ಉದಾತ್ತ ಕೊಳೆತ’ ಎಂಬರ್ಥದ ಹೆಸರು ಇದಕ್ಕಿದೆ. ಇಂಥ ಹಣ್ಣು ಗೊಂಚಲಿನಲ್ಲೆಲ್ಲ ಒಟ್ಟಿಗೆ ಸಿದ್ಧವಾಗದ ಕಾರಣ ಕೊಯ್ಲಿನವರು ಅದೇ ತೋಟವನ್ನು ವಾರಗಳ ಅಂತರದಲ್ಲಿ ಹಲವು ಸಲ ಹೊಕ್ಕು ಆರಿಸಿ ಕೀಳಬೇಕಾಗುತ್ತದೆ. ಹೀಗೆ ತಯಾರಾದ 1947, 1989, 1990ರ ಸಿಹಿ ವೂವ್ರೆಗಳು ವೈನ್ ಸಂಗ್ರಾಹಕರ ನಡುವೆ ಇಂದಿಗೂ ಮಾತಿನ ವಸ್ತು.

ಈಗ ಚೀಟಿಯನ್ನು ಓದುವ ಬಗೆ. ಬಾಟಲಿಯ ಮೇಲಿನ ಫ್ರೆಂಚ್ ಪದಗಳು ಬರೆದಂತೆ ಉಚ್ಚಾರವಾಗದ ಕಾರಣ ಮೊದಲಿಗೆ ಗೊಂದಲವಾಗುವುದು ಸಹಜ; ಕನ್ನಡಿಗರ ಕಣ್ಣಿಗೆ ‘ವೌವ್ರೇ’ ಎಂದು ಕಾಣುವ ಪದವೇ ವೂವ್ರೆ. ‘ಸೆಕ್’ ಎಂದರೆ ಒಣ. ಯುರೋಪಿನ ನಿಯಮದಂತೆ ಲೀಟರಿಗೆ 4 ಗ್ರಾಂವರೆಗೆ, ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೆ ಸಕ್ಕರೆಯಿರುವ ವೈನನ್ನು ಹೀಗೆ ಕರೆಯಬಹುದು. ‘ದೆಮಿ ಸೆಕ್’ ಅಕ್ಷರಶಃ ಅರೆ-ಒಣ. ಮಿತಿ 12 ಗ್ರಾಂ, ಹುಳಿ ಹೆಚ್ಚಿದ್ದರೆ 18 ಗ್ರಾಂ. ಬರವಣಿಗೆಯಲ್ಲಿ ‘ಮೊಯೆಲ್ಲೆಯುಕ್ಸ್’ ಎಂಬಂತೆ ಕಂಡು ‘ಮ್ವಾಲ್ಯೂ’ ಎಂದು ಉಚ್ಚಾರವಾಗುವ ಪದ 45 ಗ್ರಾಂಗಿಂತ ಕೆಳಗಿನ ಸಿಹಿಯನ್ನೂ, ‘ಡೌಕ್ಸ್’ ಎಂದು ಕಂಡು ‘ದೂ’ ಎಂದು ಉಚ್ಚಾರವಾಗುವ ಪದ ಅಲ್ಲಿಂದ ಮೇಲಿನ ಸಿಹಿಯನ್ನೂ ಸೂಚಿಸುತ್ತವೆ. ಈ ಪಟ್ಟಿಯಲ್ಲಿ ಎಲ್ಲೂ ಅಧಿಕೃತವಾಗಿ ಸೇರದ ‘ಸೆಕ್ ತಾಂದ್ರ್’, ಎಂದರೆ ಮೃದು-ಒಣ ಎಂಬ ಮಾತೂ ಬೆಳೆಗಾರರ ನಡುವೆ ಚಾಲ್ತಿಯಲ್ಲಿದೆ. ಸೆಕ್‌ಗಿಂತ ತುಸು ಸಿಹಿ, ದೆಮಿ ಸೆಕ್‌ಗಿಂತ ತುಸು ಕಡಿಮೆ.

ಈ ಅಂಕಿಗಳನ್ನು ಕಾಫಿಯ ಲೋಟಕ್ಕೆ ಇಳಿಸಿ ನೋಡಿದರೆ ಪ್ರಮಾಣ ಸ್ಪಷ್ಟವಾಗುತ್ತದೆ. 100 ಮಿ.ಲೀ. ಕಾಫಿಗೆ ಒಂದು ಸಣ್ಣ ಚಮಚ, ಎಂದರೆ ಸುಮಾರು 4 ಗ್ರಾಂ ಸಕ್ಕರೆ ಹಾಕಿದರೆ ಅದು ಲೀಟರಿಗೆ 40 ಗ್ರಾಂ ಆಗುತ್ತದೆ, ಅದು ಮ್ವಾಲ್ಯೂ ವೂವ್ರೆಯ ಮಟ್ಟ. ಲೀಟರಿಗೆ 16 ಗ್ರಾಂ ಇರುವ ದೆಮಿ ಸೆಕ್‌ನ 125 ಮಿ.ಲೀ. ಗ್ಲಾಸಿನಲ್ಲಿ ಇರುವುದು ಬರೀ 2 ಗ್ರಾಂ, ಅರ್ಧ ಚಮಚ. ಅಷ್ಟನ್ನೂ ಹುಳಿ ಮರೆಮಾಡುವುದರಿಂದ ‘ಸಿಹಿ ವೈನ್ ಬೇಡ’ ಎನ್ನುವವರು ಕೂಡ ದೆಮಿ ಸೆಕ್ ಕುಡಿದು ಅದರಲ್ಲಿ ಸಿಹಿಯಿತ್ತೆಂದು ಗಮನಿಸದಿರುವುದುಂಟು. ಚೀಟಿಯಲ್ಲಿ ಈ ಯಾವ ಪದವೂ ಇಲ್ಲದ ಬಾಟಲಿಗಳೂ ಸಾಕಷ್ಟಿವೆ. ಅಂಥ ಕಡೆ ಮಾರಾಟಗಾರರನ್ನು ಕೇಳಿ ತಿಳಿಯುವುದೇ ದಾರಿ. ತೂರ್‌ನಲ್ಲಿ 1799ರಲ್ಲಿ ಹುಟ್ಟಿದ ಕಾದಂಬರಿಕಾರ ಬಾಲ್ಜಾಕ್ 1833ರಲ್ಲಿ ಪ್ರಕಟಿಸಿದ ‘ಲಿಲ್ಯುಸ್ತ್ರ್ ಗೋದಿಸಾರ್’ ಎಂಬ ಕತೆಯಲ್ಲಿ, ಮಾತಿನ ಮಲ್ಲನಾದ ಪ್ಯಾರಿಸಿನ ಮಾರಾಟ ಪ್ರತಿನಿಧಿಯೊಬ್ಬ ವೂವ್ರೆಗೆ ಬಂದು, ಊರವರ ಕುಚೇಷ್ಟೆಯಿಂದ ಒಬ್ಬ ಬುದ್ಧಿಭ್ರಮಣೆಯವನ ಕೈಗೆ ಸಿಕ್ಕಿ, ಇಲ್ಲದೇ ಇರುವ ಎರಡು ಪೀಪಾಯಿ ವೈನನ್ನು ಕೊಳ್ಳಲು ಒಪ್ಪಿಕೊಳ್ಳುತ್ತಾನೆ. ವೂವ್ರೆಯನ್ನು ಕೇಳಿ ಕೊಳ್ಳಬೇಕೆಂಬುದಕ್ಕೆ ಸಾಹಿತ್ಯದ ಸಾಕ್ಷಿಯೂ ಇದೆಯೆನ್ನಬೇಕು.

ಈ ಸೀಮೆಯ ಒಟ್ಟು ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೊರೆವೈನಿನದು. ಶಾಂಪೇನಿನ ಪದ್ಧತಿಯನ್ನೇ ಇಲ್ಲೂ ಅನುಸರಿಸುತ್ತಾರೆ: ಸಿದ್ಧವಾದ ವೈನಿಗೆ ಸ್ವಲ್ಪ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಬಾಟಲಿಯೊಳಗೇ ಎರಡನೆಯ ಸಲ ಹುದುಗಿಸಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಹೊರಹೋಗಲು ದಾರಿಯಿಲ್ಲದೆ ವೈನಿನಲ್ಲಿ ಕರಗಿ ನಿಲ್ಲುತ್ತದೆ. ಪೂರ್ಣ ಒತ್ತಡದ ಬಗೆಗೆ ‘ಮೂಸ್ಯೂ’, ಒತ್ತಡ ಕಡಿಮೆಯಾಗಿ ಗುಳ್ಳೆ ನವಿರಾಗಿರುವ ಬಗೆಗೆ ‘ಪೆತಿಯಾಂ’ ಎಂಬ ಹೆಸರುಗಳಿವೆ. ನೊರೆವೈನಿನ ಚೀಟಿಯಲ್ಲಿ ‘ಬ್ರ್ಯೂತ್’ ಎಂದಿದ್ದರೆ ಒಣ ಎಂದು ತಿಳಿಯಬೇಕು. ಅಲ್ಲಿ ‘ಸೆಕ್’ ಎಂಬ ಪದ ಕಂಡರೆ ಅದು ಬ್ರ್ಯೂತ್‌ಗಿಂತ ಸಿಹಿಯಾದ ವೈನ್. ಒಂದೇ ಪದ ಎರಡು ಕಡೆ ಎರಡು ಅರ್ಥ ಕೊಡುವ ಈ ವ್ಯವಸ್ಥೆಯನ್ನು ಸಮರ್ಥಿಸುವುದು ಕಷ್ಟ.

ತಯಾರಕರ ಪೈಕಿ 1928ರಲ್ಲಿ ಸ್ಥಾಪನೆಯಾದ ದೊಮೆನ್ ಯುಎತ್ ಸಂಸ್ಥೆಯ ಹೆಸರು ಮೊದಲು ಬರುತ್ತದೆ. ಲ ಓ ಲ್ಯೂ, ಲ ಮೋಂ, ಕ್ಲೋ ದ್ಯು ಬೂರ್ ಎಂಬ ಮೂರು ತೋಟಗಳ ವೈನುಗಳನ್ನು ಅದು ಬೇರೆಬೇರೆಯಾಗಿಯೇ ಬಾಟಲಿಗೆ ತುಂಬುತ್ತದೆ. ಅದನ್ನು ಬೆಳೆಸಿದ ಗಾಸ್ತೋಂ ಯುಎತ್ ದೀರ್ಘಕಾಲ ಊರಿನ ಮೇಯರ್ ಆಗಿದ್ದವರು. 1990ರಲ್ಲಿ ಸಂಚಾರಕ್ಕೆ ತೆರೆದ ಅತಿವೇಗದ ರೈಲುಮಾರ್ಗ ವೂವ್ರೆಯ ದ್ರಾಕ್ಷಿ ತೋಟಗಳನ್ನು ಸೀಳಿಕೊಂಡು ಹೋಗುವ ಬದಲು ಅವುಗಳ ಅಡಿಯಲ್ಲಿ ಸುರಂಗದ ಮೂಲಕ ಹಾದುಹೋಗುತ್ತದೆ. ತೋಟಗಳ ಪರವಾಗಿ ನಡೆದ ಹೋರಾಟದಲ್ಲಿ ಅವರ ಪಾತ್ರ ದೊಡ್ಡದು.

ಊಟದ ಮಾತಿಗೆ ಬಂದರೆ, ತವರಿನ ಜೋಡಿಗಳನ್ನು ಮೊದಲು ನೋಡುವುದು ನ್ಯಾಯ. ಒಣ ವೂವ್ರೆಗೆ ತೂರೆನ್ ಪ್ರಾಂತದವರು ಜೊತೆಮಾಡುವುದು ಸೇಂತ್ ಮೋರ್ ದ ತೂರೆನ್ ಎಂಬ ಮೇಕೆ ಹಾಲಿನ ಚೀಸನ್ನು. ಸಣ್ಣ ಕೊರಡಿನ ಆಕಾರದ, ಮೈಗೆ ಬೂದಿ ಸವರಿದ, ನಡುವೆ ಒಂದು ಒಣಹುಲ್ಲಿನ ಕಡ್ಡಿ ತೂರಿಸಿದ ಈ ಚೀಸಿನ ಹುಳಿಯುಪ್ಪು ರುಚಿಗೂ ವೈನಿನ ಹುಳಿಗೂ ಸಮವಾದ ಹೊಂದಾಣಿಕೆಯಿದೆ. ಹಂದಿಮಾಂಸವನ್ನು ಅದರದೇ ಕೊಬ್ಬಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಎಳೆಯೆಳೆಯಾಗಿ ಬಿಡಿಸಿ ಬ್ರೆಡ್ಡಿನ ಮೇಲೆ ಹಚ್ಚಿಕೊಳ್ಳುವ ‘ರಿಯೆತ್’ ತೂರ್ ನಗರದ ವಿಶೇಷ ತಿನಿಸು. ಅದರ ಜಿಡ್ಡನ್ನು ನಾಲಿಗೆಯಿಂದ ತೊಳೆಯಲು ಒಣ ವೂವ್ರೆಯ ಹುಳಿ ಬೇಕು. ನದಿಮೀನಿಗೆ ಬೆಣ್ಣೆ, ಸಣ್ಣೀರುಳ್ಳಿ, ವಿನೆಗರ್‌ಗಳಿಂದ ಮಾಡಿದ ‘ಬೋರ್ ಬ್ಲಾಂ’ ಎಂಬ ಬಿಳಿ ಸಾರನ್ನು ಸುರಿದಾಗ ಸೆಕ್ ತಾಂದ್ರ್ ಇನ್ನೂ ಚೆನ್ನಾಗಿ ಹೊಂದುತ್ತದೆ. ಸೇಬನ್ನು ಬೆಣ್ಣೆ ಸಕ್ಕರೆಯಲ್ಲಿ ಕಂದುಗಟ್ಟಿಸಿ ಮೇಲೆ ಹಿಟ್ಟಿನ ಹಾಳೆ ಹೊದಿಸಿ ಬೇಯಿಸಿ ಮಗುಚಿ ಬಡಿಸುವ ‘ತಾರ್ತ್ ತಾತಾಂ’ ಲ್ವಾರ್ ಕಣಿವೆಗೆ ಸಮೀಪದ ಸೊಲೊಂಞ ಸೀಮೆಯದು. ಮ್ವಾಲ್ಯೂ ವೂವ್ರೆಗೆ ಇದಕ್ಕಿಂತ ಒಳ್ಳೆಯ ಸಂಗಾತಿಯಿಲ್ಲ. ಸಿಹಿತಿಂಡಿಯ ಜೊತೆ ವೈನ್ ಆರಿಸುವಾಗ ಒಂದೇ ಒಂದು ನಿಯಮವನ್ನು ಮರೆಯುವಂತಿಲ್ಲ: ವೈನ್ ತಿಂಡಿಯಷ್ಟಾದರೂ ಸಿಹಿಯಾಗಿರಬೇಕು, ಇಲ್ಲವಾದರೆ ಅದು ಬರೀ ಹುಳಿನೀರಾಗಿ ಕಾಣುತ್ತದೆ. ಈ ಕಾರಣಕ್ಕೇ ಜಾಮೂನಿನಂತಹ ಪಾಕದ ಸಿಹಿಗಳ ಎದುರು ಯಾವ ವೂವ್ರೆಯೂ ನಿಲ್ಲುವುದಿಲ್ಲ.

ಕನ್ನಡ ನಾಡಿನ ಊಟಕ್ಕೂ ಈ ವೈನಿಗೂ ಸಂಬಂಧ ಕಲ್ಪಿಸುವುದು ಬಲವಂತದ ಮಾತಲ್ಲ, ಏಕೆಂದರೆ ಇದೇ ದ್ರಾಕ್ಷಿ ನಂದಿಬೆಟ್ಟದ ಸುತ್ತಮುತ್ತ ಬೆಳೆಯುತ್ತದೆ. ಮೆಣಸಿನಕಾಯಿಯ ಖಾರವನ್ನು ಮದ್ಯಸಾರ ಹೆಚ್ಚಿಸುತ್ತದೆ, ಕೆಂಪು ವೈನಿನ ಒಗರು ಇನ್ನಷ್ಟು ಕೆರಳಿಸುತ್ತದೆ. ಸಿಹಿ ಮಾತ್ರ ಅದನ್ನು ತಣಿಸುತ್ತದೆ. ಆದ್ದರಿಂದ ಖಾರದ ಊಟಕ್ಕೆ ಒಣ ವೈನಿಗಿಂತ ದೆಮಿ ಸೆಕ್ ಮೇಲು. ಕರಾವಳಿಯ ಕೋರಿ ಗಸಿಯಂತಹ ತೆಂಗಿನಕಾಯಿ ಹಾಕಿದ ಸಾರುಗಳಲ್ಲಿ ಖಾರ, ಹುಳಿ, ಜಿಡ್ಡು ಮೂರೂ ಒಟ್ಟಿಗಿರುವುದರಿಂದ ದೆಮಿ ಸೆಕ್‌ನ ಸಿಹಿ ಖಾರಕ್ಕೂ ಹುಳಿ ಜಿಡ್ಡಿಗೂ ಉತ್ತರವಾಗುತ್ತದೆ. ಅನಾನಸಿನ ಮೆಣಸ್ಕಾಯಿಯಲ್ಲಿ ಬೆಲ್ಲ, ಹುಣಸೆ, ಮೆಣಸು, ಎಳ್ಳುಗಳು ಸೇರಿ ಮಾಡುವ ಸಿಹಿಹುಳಿ ರುಚಿಗೂ ಈ ವೈನಿನ ರಚನೆಗೂ ಇರುವ ಹೋಲಿಕೆ ಆಶ್ಚರ್ಯ ಹುಟ್ಟಿಸುವಷ್ಟಿದೆ. ಸಸ್ಯಾಹಾರಿಗಳು ಮೊದಲು ಪರೀಕ್ಷಿಸಬೇಕಾದ ಜೋಡಿ ಇದೇ. ಎಣ್ಣೆಯಲ್ಲಿ ಕರಿದ ಮದ್ದೂರು ವಡೆ, ಗೋಳಿಬಜೆ, ರವೆ ಹಚ್ಚಿ ಹುರಿದ ಅಂಜಲ್ ಮೀನಿಗೆ ಬ್ರ್ಯೂತ್ ನೊರೆವೈನ್ ಸಾಕು. ಹುಣಸೆ ಹೆಚ್ಚಾದ ಸಾರು, ಉಪ್ಪಿನಕಾಯಿ, ಕಹಿ ಸೊಪ್ಪುಗಳ ಜೊತೆಗೆ ಮಾತ್ರ ಈ ವೈನನ್ನು ಇಡದಿರುವುದೇ ಲೇಸು: ಮೊದಲ ಎರಡರ ಎದುರು ವೈನಿನ ರುಚಿ ಸಪ್ಪೆಯಾಗುತ್ತದೆ, ಮೂರನೆಯದು ಅದರ ಹುಳಿಯನ್ನು ಒರಟಾಗಿಸುತ್ತದೆ.

ವೂವ್ರೆ ಬಾಟಲಿ ಕೈಗೆಟುಕದ ಓದುಗರು ಈ ತಳಿಯ ಪರಿಚಯವನ್ನು ದೇಶೀ ಶೆನಿನ್‌ನಿಂದಲೇ ಮಾಡಿಕೊಳ್ಳಬಹುದು. ನಾಸಿಕದಲ್ಲಿ 2000ದ ಸುಮಾರಿಗೆ ಮಾರುಕಟ್ಟೆಗೆ ಬಂದ ಶೆನಿನ್ ಬ್ಲಾಂಕ್ ಭಾರತದಲ್ಲಿ ಈ ಹೆಸರನ್ನು ಜನಪ್ರಿಯಗೊಳಿಸಿತು. ಕರ್ನಾಟಕದಲ್ಲಿ 2007ರ ವೈನ್ ನೀತಿಯ ನಂತರ ನಂದಿ ಕಣಿವೆ ಮತ್ತು ಕೃಷ್ಣಾ ಕಣಿವೆಗಳಲ್ಲಿ ವೈನ್ ದ್ರಾಕ್ಷಿಯ ಕೃಷಿಗೆ ಉತ್ತೇಜನ ಸಿಕ್ಕಿತು. ಆದರೆ ವೂವ್ರೆಯನ್ನೂ ದೇಶೀ ಶೆನಿನ್ನನ್ನೂ ಒಂದೇ ಎಂದು ತಿಳಿಯಬಾರದು. ವೂವ್ರೆಯ ಬಳ್ಳಿ ಚಳಿಗಾಲವೆಲ್ಲ ಮಲಗಿ ಅಕ್ಟೋಬರ್ ಸುಮಾರಿಗೆ ಹಣ್ಣು ಕೊಟ್ಟರೆ, ನಿಜವಾದ ಚಳಿಗಾಲವಿಲ್ಲದ ದಖ್ಖನಿನಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರಿ ಮಳೆಗಾಲ ಮುಗಿದ ಮೇಲೆ ಫಲ ಕಟ್ಟಿಸಿ ಬೇಸಿಗೆಯ ಹೊಸ್ತಿಲಲ್ಲಿ ಕೊಯ್ಯುತ್ತಾರೆ. ಬಿಸಿಲಿನಲ್ಲಿ ಬೇಗ ಮಾಗಿದ ಹಣ್ಣಿನಿಂದ ಬರುವ ವೈನ್ ಹಣ್ಣಿನ ಪರಿಮಳದಿಂದ ಕೂಡಿ ತುಸು ಸಿಹಿಯಾಗಿ ಹಿತವಾಗಿರುತ್ತದೆ, ಆದರೆ ಇಟ್ಟು ಬೆಳೆಸುವಂಥದ್ದಲ್ಲ. ಒಂದೆರಡು ವರ್ಷದೊಳಗೆ ಕುಡಿದು ಮುಗಿಸಬೇಕು. ಒಳ್ಳೆಯ ಮ್ವಾಲ್ಯೂ ವೂವ್ರೆ ಅರ್ಧ ಶತಮಾನದ ನಂತರವೂ ಜೀವ ಹಿಡಿದಿರುತ್ತದೆ.

ಬಡಿಸುವಾಗ ನೊರೆವೈನನ್ನು 6ರಿಂದ 8, ಒಣ ವೈನನ್ನು 8ರಿಂದ 10, ದೆಮಿ ಸೆಕ್ ಮತ್ತು ಮ್ವಾಲ್ಯೂಗಳನ್ನು 10ರಿಂದ 12 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದು ವಾಡಿಕೆ. ಫ್ರಿಜ್ಜಿನಿಂದ ನೇರವಾಗಿ ತೆಗೆದ ಬಾಟಲಿ ಇದಕ್ಕಿಂತ ತಣ್ಣಗಿರುವುದರಿಂದ ಹತ್ತು ಹದಿನೈದು ನಿಮಿಷ ಹೊರಗಿಟ್ಟರೆ ಪರಿಮಳ ಬಿಚ್ಚಿಕೊಳ್ಳುತ್ತದೆ. ಹಳೆಯ ಬಾಟಲಿಯ ತಳದಲ್ಲೋ ಬಿರಡೆಯಲ್ಲೋ ಕಲ್ಲುಸಕ್ಕರೆಯ ಪುಡಿಯಂತಹ ಹರಳುಗಳು ಕಂಡರೆ ಗಾಜಿನ ಚೂರೆಂದು ಗಾಬರಿಯಾಗಬೇಕಿಲ್ಲ, ಅದು ತಂಪಿಗೆ ಹರಳುಗಟ್ಟಿದ ಟಾರ್ಟಾರಿಕ್ ಆಮ್ಲದ ಲವಣ. ತೆರೆದ ಮೇಲೆ ಉಳಿದ ಒಣ ವೂವ್ರೆಯನ್ನು ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ, ಸಿಹಿಯಾದುದನ್ನು ಒಂದು ವಾರದವರೆಗೆ ಕುಡಿಯಬಹುದು. ನೊರೆವೈನನ್ನು ಮಾತ್ರ ಅಂದೇ ಮುಗಿಸಬೇಕು.